ಮರಿಯವ್ವ ಕಲಿಸಿದ ಹೆಸರುಗಳು

ರಾಣೆಬೆನ್ನೂರು
12 ಜೂನ್ 2004

ಸುಗುಣಾ,

‘ಕರ್ತನಲ್ಲಿ ಪ್ರಿಯ ಸಹೋದರಿಗೆ’ ಎಂದು ಬರೆದು ಹೊಡೆದುಹಾಕಿದೆ. ಒಂದೇ ಬಳಪವನ್ನು ಎರಡು ತುಂಡು ಮಾಡಿಕೊಂಡು ಬರೆದವರು ನಾವು. ಒಂಬತ್ತು ವರ್ಷದ ಮೇಲೆ ಬರೆಯುವಾಗಲೂ ನಿನ್ನ ಹೆಸರಷ್ಟೇ ಸಾಕು ಅನ್ನಿಸಿತು.

ನಿನ್ನ ವಿಳಾಸ ಕೊಟ್ಟವನು ನಮ್ಮ ಓಣಿಯ ಕಿರಾಣಿ ಅಂಗಡಿಯ ಅಂದಾನೆಪ್ಪ. ಮೆಣಸಿನಕಾಯಿ ತರಲು ಬ್ಯಾಡಗಿಗೆ ಹೋದವನು ಬಂದು ಹೇಳಿದ: “ನಿಮ್ಮ ಸುಗುಣಕ್ಕ ಅಲ್ಲೊಂದು ದಲಾಲಿ ಅಂಗಡ್ಯಾಗ ಕಾಯಿ ತೊಟ್ಟು ಬಿಡಸಾಕತ್ತಾಳ್ರಿ. ನನ್ನ ನೋಡಿದಾಕಿನ ಸೆರಗು ಮಾರಿ ಮ್ಯಾಲ ಎಳಕೊಂಡ್ಲು.” ಖಾರದ ಘಾಟಿಗೆ ಎಳೆದುಕೊಂಡಿರಬೇಕು ಎಂದೆ.

ವಿಷಯಕ್ಕೆ ಬರುತ್ತೇನೆ. ಈಸ್ಟರ್ ಆದ ಮರುವಾರ ಮರಿಯವ್ವನಿಗೆ ಲಕ್ವಾ ಹೊಡೆಯಿತು. ಬಲಗೈ ಬಲಗಾಲು ಹೋದವು. ಚರ್ಚಿನ ಹಿಂದಿನ ಕೋಣೆಯಲ್ಲಿ ಒಬ್ಬಳೇ ಇರುತ್ತಿದ್ದವಳನ್ನು ನಾನು ನಮ್ಮ ಮನೆಗೇ ಕರೆತಂದೆ. ಬೆಳಿಗ್ಗೆ ಅವಳಿಗೆ ಗಂಜಿ ಕುಡಿಸಿ ಅಂಗನವಾಡಿಗೆ ಹೋಗುತ್ತೇನೆ; ನಾನು ಬರುವತನಕ ಪಕ್ಕದ ಮನೆಯ ಫಕ್ಕೀರವ್ವ ನೋಡಿಕೊಳ್ಳುತ್ತಾಳೆ.

ಮಾತು ಪೂರ್ತಿ ಹೋಗಿಲ್ಲ, ಆದರೆ ಉಳಿದದ್ದು ವಿಚಿತ್ರ. ನೀರು ಬೇಕೆಂದರೆ ‘ನೀರು’ ಅನ್ನಲು ಬರುವುದಿಲ್ಲ. ಭಾನುವಾರದ ಶಾಲೆಯಲ್ಲಿ ಅವಳು ನಮಗೆ ಕಲಿಸಿದ ದೇವರ ಹೆಸರುಗಳು ಮಾತ್ರ ಒಂದೂ ತಪ್ಪದೆ ಬರುತ್ತವೆ. ಯೆಹೋವ ಯೀರೆ, ಯೆಹೋವ ನಿಸ್ಸಿ, ಯೆಹೋವ ಶಾಲೋಮ್. ಅವುಗಳ ನಡುವೆ ಒಮ್ಮೊಮ್ಮೆ ನಿನ್ನ ಹೆಸರು. “ಸುಗುಣಿ” ಎಂದು ಬಾಗಿಲ ಕಡೆ ನೋಡುತ್ತಾಳೆ.

ಒಂದು ಸಲ ಬಂದು ಹೋಗು. ನನಗಾಗಿ ಅಲ್ಲ.

ಸಲೋಮಿ


ಬ್ಯಾಡಗಿ
20 ಜುಲೈ 2004

ಸಲೋಮಿಗೆ,

ಪತ್ರ ಮುಟ್ಟಿತು. ಮರಿಯವ್ವನ ಸುದ್ದಿ ಓದಿ ಬಹಳ ಕೆಟ್ಟದೆನಿಸಿತು. ಅವಳನ್ನು ನೀನು ಇಟ್ಟುಕೊಂಡಿರುವುದು ದೊಡ್ಡ ಮಾತು.

ನನಗೆ ಬರಲು ಆಗುವುದಿಲ್ಲ. ಅಂಗಡಿಯಲ್ಲಿ ಈಗ ಮಂದಿ ಕಡಿಮೆ, ರಜೆ ಕೊಡುವುದಿಲ್ಲ. ನಾನು ಈಗ ಯಾವ ಚರ್ಚಿಗೂ ಹೋಗುತ್ತಿಲ್ಲ, ಯಾವ ಸಭೆಗೂ ಇಲ್ಲ. ಬಾಯಿಬಿಟ್ಟು ಪ್ರಾರ್ಥನೆ ಮಾಡಿ ಒಂಬತ್ತು ವರ್ಷವಾಯಿತು. ಅಂಥವಳು ಬಂದು ಅವಳ ಮುಂದೆ ಏನೆಂದು ಕೂಡಲಿ?

ಅವಳು ಮಲಗುವ ಕಡೆ ಗೋಡೆಗೆ ಒರಗಿಸಲು ಹಳೆಯ ಸೀರೆಯ ದಿಂಬು ಮಾಡಿ ಕೊಡು. ಬೆನ್ನು ಹುಣ್ಣಾಗದಂತೆ ಮಗ್ಗಲು ಬದಲಿಸುತ್ತಿರು.

ಸುಗುಣಾ


ರಾಣೆಬೆನ್ನೂರು
5 ಆಗಸ್ಟ್ 2004

ಸುಗುಣಾ,

ರಜೆ ಸಿಗದವಳಿಗೆ ದಿಂಬಿನ ಯೋಚನೆ ಮಾಡಲು ಪುರುಸೊತ್ತು ಸಿಕ್ಕಿತಲ್ಲ ಎಂದು ಮೊದಲು ಸಿಟ್ಟು ಬಂತು. ಆಮೇಲೆ ದಿಂಬು ಹೊಲಿದೆ. ಅವಳಿಗೆ ಹಾಯೆನಿಸಿದೆ.

ನಿನ್ನೆ ಅವಳ ಕೈ ಒತ್ತುತ್ತ ಕೂತಾಗ ಹಳೆಯದೆಲ್ಲ ನೆನಪಾಯಿತು. ಅವಳ ಬುಟ್ಟಿ ನೆನಪಿದೆಯೇ? ಪ್ರತಿ ಐತವಾರ ಚೀಟಿ ಎತ್ತಿಸುತ್ತಿದ್ದಳು. ಒಂದೊಂದು ಚೀಟಿಯಲ್ಲಿ ದೇವರ ಒಂದೊಂದು ಹೆಸರು. “ಈ ವಾರ ಇದು ನಿಂದು. ಮುಂದಿನ ಐತವಾರ ಬಂದು, ಎಲ್ಲಿ ಸಿಕ್ತು ಅಂತ ಹೇಳಬೇಕು” ಅನ್ನುತ್ತಿದ್ದಳು. ನನಗೆ ಯೆಹೋವ ಯೀರೆ ಬಂದಿತ್ತು, ಒದಗಿಸುವವನು ಎಂದು. ಆ ವಾರ ಮಳೆ ಹಿಡಿದು ಮನೆಯಲ್ಲಿ ಒಣ ಕಟ್ಟಿಗೆಯೇ ಇಲ್ಲ, ಎರಡು ಹೊತ್ತು ಒಲೆ ಹೊತ್ತಿರಲಿಲ್ಲ. ಆಗ ಫಕ್ಕೀರವ್ವ ಗೋಡೆಯ ಆಚೆಯಿಂದ ಒಂದು ಹೊರೆ ಹತ್ತಿಕಟ್ಟಿಗೆ ಒಗೆದಳು. ನಾನು ಹೋಗಿ, “ದೇವರು ಸಿಗಲಿಲ್ಲವ್ವ, ಫಕ್ಕೀರವ್ವ ಕೊಟ್ಲು” ಎಂದೆ. ಮರಿಯವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಮತ್ತ ದೇವರಿಗೆ ಕೈ ಎಲ್ಲಿ ಅದಾವ ಅಂತ ತಿಳಕೊಂಡೀದಿ?”

ನಿನಗೆ ಎಲ್ ರೋಯಿ ಬಂದಿತ್ತು, ನನ್ನನ್ನು ನೋಡುವ ದೇವರು. ನೀನು ಪರೀಕ್ಷೆ ಮಾಡಲು ಜೋಳದ ಚೀಲದ ಹಿಂದೆ ಅಡಗಿ ನಿಮ್ಮವ್ವನ ಬೆಲ್ಲ ತಿಂದೆ. ಐತವಾರ ಎದ್ದು ನಿಂತು, “ಯಾರೂ ನೋಡಲಿಲ್ಲ” ಎಂದೆ. “ಹಂಗಾರ ನನಗ್ಯಾಕ ಹೇಳಾಕತ್ತಿ?” ಎಂದಳು ಮರಿಯವ್ವ. ಇಡೀ ಕೋಣೆ ನಕ್ಕಿತು, ನೀನು ಅತ್ತುಬಿಟ್ಟೆ. ಅವಳು ನಿನ್ನನ್ನು ಮಡಿಲಿಗೆ ಎಳೆದುಕೊಂಡು ಹಾಗರಳ ಕಥೆ ಹೇಳಿದಳು. “ಒಡತಿ ಕಾಟ ತಾಳಲಾರದ ಅಡವಿಗೆ ಓಡಿ ಬಂದಾಕಿ ಅದು. ಆ ಮನ್ಯಾಗ ಆಕೀನ ಯಾರೂ ಹೆಸರ ಹಿಡದು ಕರದಿರಲಿಲ್ಲ, ಬರೇ ದಾಸಿ ಅಂತಿದ್ರು. ನೀರಿನ ಬುಗ್ಗಿ ಹಂತ್ಯಾಕ ದೇವರು ಹೆಸರ ಹಿಡದು ಕರದ. ಅದಕ್ಕ ಆಕಿನೂ ಅವಗ ಒಂದು ಹೆಸರಿಟ್ಲು.”

ಈಗ ಎಲ್ ರೋಯಿ ಎನ್ನುವಾಗಲೂ ಅವಳು ಬಾಗಿಲು ನೋಡುತ್ತಾಳೆ.

ನೀನು ಏನೆಂದು ಕೂಡಬೇಕು ಎಂದು ಕೇಳಿದ್ದೀ. ಮಂಚದ ಮೇಲೆ ಜಾಗವಿದೆ.

ಸಲೋಮಿ


ಬ್ಯಾಡಗಿ
29 ಆಗಸ್ಟ್ 2004

ಸಲೂ,

ರಜೆಯ ಮಾತು ಸುಳ್ಳು. ನಿನಗೆ ತಿಳಿದೇ ಇತ್ತು.

ಖರೇ ಏನೆಂದು ಬರೆಯುತ್ತೇನೆ, ಓದಿದ ಮೇಲೆ ನೀನೇ ಬರಬೇಡ ಅನ್ನಬಹುದು. ತೊಂಬತ್ಮೂರರಲ್ಲಿ ನಾನು ಹಾವೇರಿಯ ಪ್ರಾರ್ಥನಾ ಕೂಟಕ್ಕೆ ಹೋಗಲು ಶುರುಮಾಡಿದೆನಲ್ಲ, ಅಲ್ಲಿ ಮೊದಲ ಸಲ ಆತ್ಮ ತುಂಬಿ ಅನ್ಯಭಾಷೆಯಲ್ಲಿ ಮಾತಾಡಿದ್ದು ಸುಳ್ಳಲ್ಲ. ಅಷ್ಟು ಹೇಳಲೇಬೇಕು. ಅಪ್ಪ ಸತ್ತ ವರ್ಷ ಅದು. ಎದೆಯಲ್ಲಿ ಕಟ್ಟಿಕೊಂಡದ್ದು ಯಾವ ಮಾತಿಗೂ ಸಿಗುತ್ತಿರಲಿಲ್ಲ. ಅವತ್ತು ತಿಳಿಯದ ಶಬ್ದಗಳಾಗಿ ಹೊರಗೆ ಹರಿಯಿತು. ಬಟ್ಟೆ ಒಗೆದು ಹರವಿದ ಹಾಗೆ ಹಗುರಾಗಿ ಮನೆಗೆ ಬಂದೆ. ಅದು ದೇವರು ಕೊಟ್ಟದ್ದೇ ಎಂದು ಇವತ್ತಿಗೂ ನಂಬುತ್ತೇನೆ.

ಆದರೆ ಮಂದಿ ಬರತೊಡಗಿದರು. ಮಗಳ ಮದುವೆ ಆಗುತ್ತದೆಯೇ, ಗಂಡ ಕುಡಿಯುವುದು ಬಿಡುತ್ತಾನೆಯೇ, ಸಿಸ್ಟರ್ ಒಂದು ಮಾತು ಹೇಳಿ. ಸುಗುಣಾಗೆ ಪ್ರವಾದನೆಯ ವರ ಇದೆ ಎಂದು ಮುಂದಿನ ಸಾಲಿನಲ್ಲಿ ಕೂಡಿಸಿದರು. ಇವತ್ತು ನನಗೇನೂ ಕೇಳಿಸಲಿಲ್ಲ ಎನ್ನಲು ಧೈರ್ಯ ಸಾಲಲಿಲ್ಲ. ಒಂದೊಂದಾಗಿ ನಾನೇ ಹೇಳಲು ಕಲಿತೆ.

ನಿಮ್ಮ ಮನೆಗೆ ಬಂದ ದಿನ ನಿನ್ನ ಗಂಡ ಯೋಸೇಫಣ್ಣ ಮಂಚದ ಮೇಲಿದ್ದ. ಡಿಪೋದಲ್ಲಿ ಬಸ್ಸಿನ ಗಾಲಿ ಒಬ್ಬನೇ ಎತ್ತುತ್ತಿದ್ದವನ ಕೈ ಹಗ್ಗದ ಹಾಗಿತ್ತು. ಎಲ್ಲರೂ ಸುತ್ತ ನಿಂತಿದ್ದರು. ನೀನು ನನ್ನ ಮುಖ ನೋಡಿದೆ. ಆ ನೋಟ ತಾಳಲಾರದೆ ಕೂಗಿಬಿಟ್ಟೆ. “ಯೆಹೋವ ರಾಫಾ! ಸ್ವಸ್ಥ ಮಾಡುವವನು ಮಾತಾಡ್ಯಾನ! ಈ ಮನಿಯೊಳಗ ಸಾವಿಲ್ಲ!”

ನನಗೆ ಏನೂ ಕೇಳಿಸಿರಲಿಲ್ಲ ಸಲೂ. ಒಂದಕ್ಷರವೂ.

ಇಪ್ಪತ್ಮೂರನೆಯ ದಿನ ಅವನು ತೀರಿಕೊಂಡ. ಮಣ್ಣಿಗೆ ನಾನು ಬರಲಿಲ್ಲ ಎಂದು ನೀನು ತಿಳಿದಿದ್ದೀ. ಚರ್ಚಿನ ತಿರುವಿನ ತನಕ ಬಂದಿದ್ದೆ. ಪೆಟ್ಟಿಗೆ ಹೊರಗೆ ತರುವುದು ಕಂಡಿತು. ಅಲ್ಲಿಂದ ತಿರುಗಿ ಬಸ್ ಸ್ಟ್ಯಾಂಡಿಗೆ ನಡೆದೆ. ವಾರ ಕಳೆಯುವುದರೊಳಗೆ ಅವ್ವನನ್ನು ಕರೆದುಕೊಂಡು ಬ್ಯಾಡಗಿಗೆ ಬಂದೆ. ಇಲ್ಲಿ ನನ್ನ ವರದ ಸುದ್ದಿ ಯಾರಿಗೂ ಗೊತ್ತಿರಲಿಲ್ಲ. ನಾಕು ವರ್ಷದ ಹಿಂದೆ ಅವ್ವನೂ ಹೋದಳು.

ಒಂದೇ ಒಂದು ಕೇಳುತ್ತೇನೆ. ನನ್ನ ಮಾತು ನಂಬಿ ನೀವು ಔಷಧ ನಿಲ್ಲಿಸಿದಿರೇ?

ಸುಗುಣಾ


ರಾಣೆಬೆನ್ನೂರು
18 ಸೆಪ್ಟೆಂಬರ್ 2004

ಸುಗುಣಾ,

ಇಲ್ಲ.

ಇದನ್ನು ಮೊದಲ ಸಾಲಿನಲ್ಲೇ ಬರೆದೆ, ನೀನು ಹುಡುಕಬಾರದೆಂದು. ನೀನು ಬರುವುದಕ್ಕೆ ತಿಂಗಳು ಮೊದಲೇ ಹುಬ್ಬಳ್ಳಿಯ ಡಾಕ್ಟರು ನನ್ನನ್ನು ಹೊರಗೆ ಕರೆದು, “ಗಡ್ಡೆ ಎಲ್ಲಾ ಕಡೆ ಹಬ್ಬೇತಿ. ಮನಿಗೆ ಕರಕೊಂಡು ಹೋಗ್ರಿ, ನೋವು ಆಗದಂಗ ನೋಡಿಕೊಳ್ರಿ” ಎಂದಿದ್ದರು. ಅವರು ಬರೆದುಕೊಟ್ಟ ಗುಳಿಗೆಯನ್ನು ಕಡೆಯ ದಿನದ ತನಕ ಕೊಟ್ಟೆ.

ನೀನು ಕೂಗಿ ಹೋದ ಮರುದಿನ ಬೆಳಿಗ್ಗೆ ನಾನು ಅವರ ಮುಖ ಒರೆಸುತ್ತಿದ್ದೆ. ಅವರು ನಕ್ಕರು. “ಸುಗುಣಾ ಸುಳ್ಳ ಹೇಳಿದ್ಲು. ಪಾಪ, ಆಕಿಗೆ ನಿನ್ನ ಮಾರಿ ನೋಡಾಕ ಆಗಲಿಲ್ಲ. ಸಿಟ್ಟು ಮಾಡಬ್ಯಾಡ ಆಕಿ ಮ್ಯಾಲ.” ನಿನ್ನ ಆ ಸುಳ್ಳಿಗೆ ನಾನು ಸಿಟ್ಟಾಗಲಿಲ್ಲ. ಖರೇ ಹೇಳಬೇಕೆಂದರೆ, ನಿನ್ನ ಕೂಗು ಕೇಳಿದ ಆ ಒಂದು ಸಂಜೆ ನಾನೂ ನಂಬಿದೆ. ಅಕ್ಕಿ ತೊಳೆಯುತ್ತ ಹಾಡಿಕೊಂಡೆ.

ಸಿಟ್ಟು ಬಂದದ್ದು ಮಣ್ಣು ಕೊಡುವ ಹೊತ್ತಿನಲ್ಲಿ. ಮೂರು ಹಿಡಿ ಮಣ್ಣು ಹಾಕಬೇಕು. ಒಂದು ಹಿಡಿ ಹಾಕಿ ಹಿಂದೆ ನೋಡಿದೆ, ನೀನಿಲ್ಲ. ಎರಡನೆಯದು ಹಾಕಿ ನೋಡಿದೆ. ಮೂರನೆಯದು ಹಾಕಿದ ನೆನಪೇ ಇಲ್ಲ.

ನನ್ನದೂ ಒಂದು ತಪ್ಪಿದೆ, ಅದನ್ನೂ ಬರೆದುಬಿಡುತ್ತೇನೆ. ಅವನನ್ನು ಕೊಂದವಳು ನಾನೇ ಎಂದು ನೀನು ಕೊರಗುತ್ತಿರಬಹುದು ಎಂಬ ವಿಚಾರ ನನಗೆ ಮೊದಲ ತಿಂಗಳಲ್ಲೇ ಬಂದಿತ್ತು. ಹುಡುಕಿದ್ದರೆ ನೀನು ಸಿಗುತ್ತಿದ್ದೆ, ಬ್ಯಾಡಗಿ ಎಷ್ಟು ದೂರ? ಕೊರಗಲಿ ಎಂದು ಸುಮ್ಮನಿದ್ದೆ. ಒಂಬತ್ತು ವರ್ಷ ಹಾಗೆ ಬಿಟ್ಟೆ. ಮರಿಯವ್ವನ ಬಾಯಲ್ಲಿ ನಿನ್ನ ಹೆಸರು ಬರದಿದ್ದರೆ ಇನ್ನೂ ಬಿಡುತ್ತಿದ್ದೆನೋ ಏನೋ.

ಈಗ ನಿನಗಾಗಿಯೂ ಬಾ, ನನಗಾಗಿಯೂ ಬಾ.

ಸಲೋಮಿ


ಬ್ಯಾಡಗಿ
2 ನವೆಂಬರ್ 2004

ಸಲೂ,

ಕ್ಷೇಮವಾಗಿ ಮುಟ್ಟಿದೆ. ನೀನು ಕಟ್ಟಿಕೊಟ್ಟ ರೊಟ್ಟಿ ಮತ್ತು ಪುಂಡಿಪಲ್ಯ ಎರಡು ದಿನ ಬಂದವು.

ಬಾಗಿಲಲ್ಲಿ ಇಬ್ಬರೂ ನಿಂತೇ ಇದ್ದೆವಲ್ಲ, ಆಗ ಫಕ್ಕೀರವ್ವ ಬಂದು, “ಒಳಗ ಬರ್ರಿ, ಇಲ್ಲಾ ಹೊರಗ ಕುಂದ್ರಿ, ಹೊಸ್ತಿಲದಾಗ ನಿಂತ್ರ ನಾ ಹೆಂಗ ದಾಟಲಿ?” ಎಂದಳು. ಅವಳಿಗೆ ನನ್ನ ನಮಸ್ಕಾರ ಹೇಳು. ಆ ಮಾತು ಇಲ್ಲದಿದ್ದರೆ ನಾನು ತಿರುಗಿ ಹೋಗುತ್ತಿದ್ದೆನೇನೋ.

ಮರಿಯವ್ವ ಇಷ್ಟು ಸಣ್ಣಗಾಗಿದ್ದಾಳೆಂದು ತಿಳಿದಿರಲಿಲ್ಲ. ನನ್ನ ಕೈ ಹಿಡಿದು, ಖಾರಕ್ಕೆ ಸುಲಿದ ಬೆರಳುಗಳನ್ನು ಒಂದೊಂದಾಗಿ ಸವರಿದಳು. ಆಮೇಲೆ, “ರಾಫಾ” ಎಂದಳು. ಎಲ್ಲ ಹೆಸರುಗಳನ್ನು ಬಿಟ್ಟು ಅದೇ ಯಾಕೆ? ನಾನು ಎದ್ದುಬಿಟ್ಟೆ. ಅವಳು ಎಡಗೈಯಲ್ಲಿ ನನ್ನ ಸೆರಗು ಹಿಡಿದಳು. ಬಾಯಿ ಸೊಟ್ಟ ಮಾಡಿ, ಬೆವರು ಬರುವಷ್ಟು ಕಷ್ಟಪಟ್ಟು, “ಆಮ್ಯಾಲ... ಆಮ್ಯಾಲ” ಎಂದಳು. ಚಹಾ ಆಮೇಲೆ ಬೇಕಂತೆ ಎಂದು ನೀನು ಒಲೆ ಆರಿಸಿದೆ.

ಬಸ್ಸು ಮೋಟೆಬೆನ್ನೂರಿನ ಹತ್ತಿರ ತಿರುಗುವಾಗ ನನಗೆ ಹೊಳೆಯಿತು, ಅದು ಚಹಾದ ಮಾತಲ್ಲ. ಅಬ್ರಹಾಮ ಆ ಬೆಟ್ಟಕ್ಕೆ ಯೆಹೋವ ಯೀರೆ ಎಂದದ್ದು ಬಲಿಗೆ ಮಗನ ಬದಲು ಪೊದೆಯಲ್ಲಿ ಟಗರು ಸಿಕ್ಕ ಮೇಲೆ. ಮೋಶೆ ಯೆಹೋವ ನಿಸ್ಸಿ, ಯೆಹೋವನೇ ನನ್ನ ಧ್ವಜ, ಎಂದದ್ದು ಯುದ್ಧ ಮುಗಿದ ಮೇಲೆ. ರಾಫಾ ಎಂಬ ಮಾತು ಬಂದದ್ದೂ ಮಾರಾದಲ್ಲಿ ಕಹಿ ನೀರು ಸಿಹಿಯಾದ ಮೇಲೆಯೇ. ಪಾಡುಪಟ್ಟವರು ದಾಟಿದ ಮೇಲೆ ಹಿಂದೆ ನೋಡಿ ಹೇಳುವ ಮಾತು ಅದು. ನಾನು ಮೊದಲೇ ಕೂಗಿದೆ. ದೇವರಿಗೆ ಹೆಸರಿಡಲಿಲ್ಲ, ಅಪ್ಪಣೆ ಮಾಡಿದೆ. ಮರಿಯವ್ವ ಇದನ್ನೇ ಹೇಳಿದಳೋ ಅಥವಾ ನಾನೇ ಕಟ್ಟಿಕೊಂಡೆನೋ ತಿಳಿಯದು. ನನ್ನ ಕಟ್ಟಿಕೊಳ್ಳುವ ಚಾಳಿ ನಿನಗೆ ಗೊತ್ತೇ ಇದೆ.

ಯೋಸೇಫಣ್ಣನ ಸಮಾಧಿಯ ಹತ್ತಿರ ನನ್ನನ್ನು ಒಬ್ಬಳನ್ನೇ ಬಿಟ್ಟು ಗೇಟಿನ ಹತ್ತಿರ ನಿಂತೆಯಲ್ಲ. ಒಳ್ಳೆಯದಾಯಿತು.

ಸುಗುಣಾ


ರಾಣೆಬೆನ್ನೂರು
30 ಜನವರಿ 2005

ಸುಗುಣಾ,

ನೀನು ಹೋದ ಮೇಲೆ ಮನೆ ಬಹಳ ದೊಡ್ಡದಾಗಿ ಕಾಣುತ್ತಿದೆ. ಮರಿಯವ್ವನ ಮಂಚ ಇನ್ನೂ ಎತ್ತಿಲ್ಲ. ನಿನ್ನೆ ಮಧ್ಯಾಹ್ನ ಅಂಗನವಾಡಿಯಿಂದ ಬಂದವಳು ಅಭ್ಯಾಸದ ಮೇಲೆ ಗಂಜಿಗೆ ಇಟ್ಟೆ, ನೀರು ಕುದಿಯುವಾಗ ನೆನಪಾಯಿತು.

ಅಂದಾನೆಪ್ಪನ ಕೈಯಲ್ಲಿ ಅವಳು ತೀರಿಕೊಂಡ ಸುದ್ದಿ ಕಳಿಸಿದಾಗ ನೀನು ಬರುತ್ತೀಯೋ ಇಲ್ಲವೋ ಎಂಬ ಅಳುಕು ನನಗಿತ್ತು, ಸುಳ್ಳು ಯಾಕೆ ಹೇಳಲಿ. ನೀನು ಮೊದಲ ಬಸ್ಸಿಗೇ ಬಂದೆ. ಅವಳಿಗೆ ಸ್ನಾನ ಮಾಡಿಸುವಾಗ ಅವಳ ತಲೆ ನಿನ್ನ ತೋಳಿನ ಮೇಲಿತ್ತು. ನೀನು ಕೂದಲಿಗೆ ಎಣ್ಣೆ ಹಚ್ಚಿ ಬಾಚಿ ತುರುಬು ಕಟ್ಟಿದ್ದು, ಅವಳು ಕಟ್ಟಿಕೊಳ್ಳುತ್ತಿದ್ದ ಹಾಗೆಯೇ ಎಡಕ್ಕೆ ವಾಲಿಸಿ ಕಟ್ಟಿದ್ದು, ನಾನು ನೋಡಿದೆ.

ಹಾವೇರಿಯ ಕೂಟದ ಆ ಹೆಂಗಸು ನಿನ್ನನ್ನು ಅಂಗಳದಲ್ಲಿ ಹಿಡಿದದ್ದೂ ಕೇಳಿಸಿತು. “ಸಿಸ್ಟರ್, ನಿಮ್ಮ ವರ ಏನಾತ್ರಿ? ಎಂಥಾ ಪ್ರವಾದನೆ ಇತ್ತು ನಿಮಗ!” ಎಂದಳಲ್ಲ. ನೀನು ಕೊಡ ಎತ್ತಿಕೊಂಡು, “ಕೊಟ್ಟಾವ ತಿರುಗಿ ಇಸಕೊಂಡನೋ, ಇಲ್ಲದ್ದನ್ನ ನಾನ ಹೇಳಿಕೊಂಡಿದ್ನೋ, ಗೊತ್ತಿಲ್ರಿ. ಸದ್ಯ ನೀರು ತರಬೇಕಾಗೇತಿ, ದಾರಿ ಬಿಡ್ರಿ” ಎಂದೆ. ಒಳಗೆ ಹೆಣದ ಮುಂದೆ ಕೂತಿದ್ದ ನನಗೆ ನಗು ಬಂದುಬಿಟ್ಟಿತು. ಮರಿಯವ್ವ ಕ್ಷಮಿಸುತ್ತಾಳೆ.

ಒಮ್ಮೆ ಅವಳು ಪವಿತ್ರಾತ್ಮ ಕೊಡುವ ವರಗಳ ಪಾಠ ಮಾಡಿ, ಯಾರಿಗೆ ಯಾವುದು ಬೇಕು ಎಂದು ಕೇಳಿದ್ದಳು. ಅರ್ಧ ಮಕ್ಕಳು ರೋಗ ವಾಸಿ ಮಾಡುವುದು ಎಂದರು, ಉಳಿದರ್ಧ ಅದ್ಭುತ ಎಂದರು. “ಆ ಪಟ್ಟಿ ನಡುವ ಒಂದೈತಿ, ಸಹಾಯ ಮಾಡೋ ವರ ಅಂತ. ಮೂವತ್ತು ವರ್ಷ ಆತು, ಒಂದು ಕೂಸೂ ಅದನ್ನ ಕೇಳಿಲ್ಲ” ಎಂದಿದ್ದಳು.

ಮಣ್ಣು ಕೊಡುವಾಗ ನೀನು ನನ್ನ ಬಲಕ್ಕೆ ನಿಂತಿದ್ದೆ. ಎಲ್ಲರೂ ಹೋದ ಮೇಲೂ ನಿಂತಿದ್ದೆ.

ಸಲೋಮಿ


ಹಾವೇರಿ
17 ಮಾರ್ಚ್ 2005

ಸಲೂ,

ಇದನ್ನು ದೊಡ್ಡಾಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಕೂತು ಬರೆಯುತ್ತಿದ್ದೇನೆ. ಗಾಬರಿಯಾಗಬೇಡ, ನನಗೇನೂ ಆಗಿಲ್ಲ.

ನನ್ನ ಜೊತೆ ತೊಟ್ಟು ಬಿಡಿಸುವ ಹುಸೇನಬಿಯ ವಿಷಯ ನಿನಗೆ ಹೇಳಿದ್ದೆ. ಅವಳ ಮಗಳು ಸಾಜಿಯಾ ಚೊಚ್ಚಲ ಬಸುರಿ. ಮೊನ್ನೆ ಬೆಳಿಗ್ಗೆ ನೋವು ಶುರುವಾಗಿ, ಕೂಸು ಅಡ್ಡ ತಿರುಗಿದೆ ಎಂದು ಬ್ಯಾಡಗಿಯಿಂದ ಇಲ್ಲಿಗೆ ಕರೆತಂದರು. ಅಳಿಯ ದುಡಿಯಲು ಗೋವಾಕ್ಕೆ ಹೋಗಿದ್ದಾನೆ. ಹುಸೇನಬಿ ನನ್ನ ಕೈ ಬಿಡಲಿಲ್ಲ, ಅದಕ್ಕೆ ಜೊತೆಗೆ ಬಂದೆ.

ಸಾಜಿಯಾಳನ್ನು ಒಳಗೆ ಒಯ್ದು ಬಾಗಿಲು ಹಾಕಿದ ಮೇಲೆ ಹುಸೇನಬಿ ನನ್ನ ಕಡೆ ತಿರುಗಿದಳು. “ಸುಗುಣವ್ವಾ, ನಿನಗ ಮುಂದಿಂದು ಕಾಣತಿತ್ತಂತ. ರಾಣೆಬೆನ್ನೂರ ಕಿರಾಣಿಯವ ಹೇಳ್ಯಾನ. ನನ್ನ ಮಗಳು ಉಳೀತಾಳೇನು? ಕೂಸು ಉಳೀತೈತೇನು? ಒಂದು ಮಾತು ಹೇಳ.” ಅದೇ ನೋಟ ಸಲೂ, ಹತ್ತು ವರ್ಷದ ಹಿಂದೆ ನಾನು ತಾಳಲಾರದೆ ಹೋದದ್ದು. ನಾಲಿಗೆಯ ತುದಿಗೆ ಮಾತು ಬಂದೇಬಿಟ್ಟಿತ್ತು. ಏನೂ ಆಗಂಗಿಲ್ಲ ಅನ್ನುವುದು ಎಷ್ಟು ಸುಲಭ.

“ನನಗ ಗೊತ್ತಿಲ್ಲ ಬೀ. ಖರೇನ ಗೊತ್ತಿಲ್ಲ. ಆದ್ರ ನಾ ಎಲ್ಲೂ ಹೋಗಂಗಿಲ್ಲ” ಎಂದೆ.

ಅವಳು ಜಪಮಣಿ ತೆಗೆದು ಅವರ ದೇವರ ಹೆಸರುಗಳನ್ನು ಹೇಳತೊಡಗಿದಳು. ನಾನೂ ಪಕ್ಕದಲ್ಲಿ ಕೂತು ಪ್ರಾರ್ಥನೆ ಮಾಡಿದೆ, ಬಾಯಿಬಿಟ್ಟು, ಮೆಲ್ಲಗೆ. ಈ ಇಬ್ಬರನ್ನೂ ಉಳಿಸು ಎಂದು ಬೇಡಿದೆ, ಅಷ್ಟೇ. ದೇವರು ಏನು ಹೇಳಿದ ಎಂದು ನಾನು ಯಾರಿಗೂ ಹೇಳಲಿಲ್ಲ, ಏಕೆಂದರೆ ಅವನು ಏನೂ ಹೇಳಲಿಲ್ಲ. ಮಣಿ ಮುಗಿಯುವ ಹೊತ್ತಿಗೆ ಅವಳು ‘ಯಾ ಸಬೂರ್’ ಎಂದಳು. ಹಾಗೆಂದರೇನು ಎಂದು ಕೇಳಿದೆ. “ಸಬೂರಿ ಇರಾವ. ಎಲ್ಲಾ ತಡಕೊಳ್ಳಾವ” ಎಂದಳು. ಮರಿಯವ್ವನ ಬುಟ್ಟಿಯಲ್ಲಿ ಈ ಚೀಟಿ ಇರಲಿಲ್ಲ.

ಮಧ್ಯಾಹ್ನ ನಾಕಕ್ಕೆ ನರ್ಸಮ್ಮ ಹೊರಗೆ ಬಂದರು. ಸಾಜಿಯಾ ಉಳಿದಳು. ಕೂಸು ಉಳಿಯಲಿಲ್ಲ. ಗಂಡು.

ಹುಸೇನಬಿಯ ತಮ್ಮಂದಿರು ಬಂದು ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಒಯ್ದರು. ಅದಕ್ಕೂ ಮೊದಲು ಅವಳು ಕೂಸನ್ನು ಒಂದು ಗಳಿಗೆ ನನ್ನ ತೋಳಿಗೆ ಕೊಟ್ಟಿದ್ದಳು. ತಲೆ ತುಂಬ ಕಪ್ಪು ಕೂದಲು. ನಾನು ಸೆರಗು ಮುಖಕ್ಕೆ ಎಳೆದುಕೊಳ್ಳದೆ ಅತ್ತೆ, ಅವಳೂ ಅತ್ತಳು.

ಇವತ್ತಿಗೆ ಮೂರನೆಯ ದಿನ. ಅಂಗಡಿಗೆ ಹೋಗಿಲ್ಲ. ಹುಸೇನಬಿ ಅನ್ನ ಬೇಯಿಸಿ ತರಲು ಊರಿಗೆ ಹೋಗಿದ್ದಾಳೆ. ಸಾಜಿಯಾ ಯಾರ ಹತ್ತಿರವೂ ಮಾತಾಡಿಲ್ಲ, ನಿನ್ನೆಯಿಂದ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾಳೆ. ಎದೆಯಲ್ಲಿ ಹಾಲು ಕಟ್ಟಿ ಜ್ವರ ಬಂದಿದೆ. ಒದ್ದೆ ಬಟ್ಟೆ ಬದಲಿಸುತ್ತಿದ್ದೇನೆ. ಅವಳಿಗೆ ಹೇಳಬಹುದಾದ ಮಾತು ಯಾವುದೂ ನನ್ನ ಹತ್ತಿರ ಇಲ್ಲ, ಹುಡುಕುವುದನ್ನೂ ಬಿಟ್ಟಿದ್ದೇನೆ.

ನಿನ್ನ ಪತ್ರಕ್ಕೆ ಉತ್ತರ ಬರೆಯಬೇಕೆಂದಿದ್ದೆ, ಇದೇ ಆಯಿತು. ಈಗ ಸಾಜಿಯಾ ಮಗ್ಗಲು ಬದಲಿಸಿ ಈ ಕಡೆ ನೋಡಿದಳು. ಏನೋ ಕೇಳುತ್ತಿದ್ದಾಳೆ, ದನಿ ಬಹಳ ಸಣ್ಣ, ಹತ್ತಿರ ಹೋಗಬೇಕು.

ಸುಗುಣಾ